ಹಾನಿಗೆ ತೂಕವುಂಟೆ?

ನಮ್ಮ ಊರುಗಳಲ್ಲಿ ಹಳೆಯ ಅಕ್ಕಸಾಲಿಗರ ಅಂಗಡಿಯನ್ನು ಕಂಡವರಿಗೆ ಗುಲಗಂಜಿಯ ನೆನಪು ಇದ್ದೇ ಇರುತ್ತದೆ. ಕೆಂಪು ಮೈ, ಒಂದು ತುದಿಯಲ್ಲಿ ಕಪ್ಪು ಬೊಟ್ಟು. ಒಂದು ಬೀಜಕ್ಕೂ ಇನ್ನೊಂದಕ್ಕೂ ತೂಕದಲ್ಲಿ ಹೆಚ್ಚು ಅಂತರವಿಲ್ಲವೆಂದು ಹಿರಿಯರು ಬಂಗಾರವನ್ನು ಅದರಿಂದಲೇ ತೂಗುತ್ತಿದ್ದರು. ‘ಗುಲಗಂಜಿಯಷ್ಟೂ ಇಲ್ಲ’ ಎಂಬ ಮಾತು ಇಂದಿಗೂ ನಮ್ಮ ಬಾಯಲ್ಲಿ ಉಳಿದಿದೆ. ಆದರೆ ಇದೇ ಬೀಜವನ್ನು ಅರೆದು ಹೊಟ್ಟೆಗೆ ತೆಗೆದುಕೊಂಡರೆ ಪ್ರಾಣಕ್ಕೇ ಅಪಾಯ. ಅಬ್ರಿನ್ ಎಂಬ ಘೋರ ವಿಷ ಅದರೊಳಗಿದೆ. ಬಂಗಾರವನ್ನು ವಿಷದ ಬೀಜದಿಂದ ತೂಗಿದವರು ನಾವು. ವಿಷವನ್ನೇ ತೂಗಬೇಕಾಗಿ ಬಂದಾಗ ತಕ್ಕಡಿಗೆ ಏನನ್ನು ಹಾಕಬೇಕು? ಒಬ್ಬನಿಗಾದ ಹಾನಿಯನ್ನು ಇನ್ನೊಬ್ಬನಿಗಾದ ಹಾನಿಯ ಎದುರು ತಟ್ಟೆಯಲ್ಲಿಟ್ಟು ‘ಇದು ಹೆಚ್ಚು, ಅದು ಕಡಿಮೆ’ ಎಂದು ಹೇಳಲು ಬರುತ್ತದೆಯೆ?

ಇದು ಕೇವಲ ಮಾತಿನ ಚಮತ್ಕಾರವಲ್ಲ. ನಗರಗಳಲ್ಲಿ ನೆಲೆಸಿರುವ ನಮ್ಮ ಕುಟುಂಬಗಳಲ್ಲಿ ರಕ್ತಪರೀಕ್ಷೆಯ ವರದಿ ಇಲ್ಲದ ಮನೆ ಇಂದು ಅಪರೂಪ. ಕಪಾಟಿನಲ್ಲಿ ರೇಷನ್ ಕಾರ್ಡು, ಬಾಡಿಗೆ ರಸೀದಿಗಳ ಜೊತೆಗೆ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಈ ಹಾಳೆಗಳೂ ಇರುತ್ತವೆ. ಅದರಲ್ಲೊಂದು ಲಿವರಿನ ಪರೀಕ್ಷೆ. ಎಸ್‌ಜಿಪಿಟಿ ಎಂಬ ಹೆಸರು, ಅದರೆದುರಿಗೆ ಒಂದು ಅಂಕಿ, ಆ ಅಂಕಿಯ ಪಕ್ಕದಲ್ಲಿ ‘ಸಾಮಾನ್ಯ ಮಿತಿ’. ಅಂಕಿ ಮಿತಿಯೊಳಗಿದ್ದರೆ ನಿಟ್ಟುಸಿರು. ಮೀರಿದ್ದರೆ ಮನೆಯಲ್ಲಿ ಮೌನ. ಆ ಮೌನದಲ್ಲಿ ಲೆಕ್ಕಾಚಾರ ಮೊದಲಾಗುತ್ತದೆ: ಯಾವುದರಿಂದ ಹೀಗಾಯಿತು, ಯಾರ ತಪ್ಪು?

ಮೂವರನ್ನು ಕಲ್ಪಿಸಿಕೊಳ್ಳೋಣ. ಮೂವರೂ ನಮ್ಮವರೇ. ಒಬ್ಬ ಹೋಟೆಲಿನ ಅಡಿಗೆಮನೆಯಲ್ಲಿ ದುಡಿಯುವ ಯುವಕ. ಕ್ಷಯಕ್ಕಾಗಿ ಗುಳಿಗೆ ನುಂಗುತ್ತಿದ್ದಾನೆ. ಅವನ ಅಂಕಿ 210. ಇನ್ನೊಬ್ಬರು ಆಫೀಸಿನಲ್ಲಿ ದೊಡ್ಡ ಹುದ್ದೆಯವರು. ಇಪ್ಪತ್ತು ವರ್ಷಗಳಿಂದ ರಾತ್ರಿಯ ಊಟಕ್ಕೆ ಮುಂಚೆ ಗ್ಲಾಸು ಹಿಡಿಯುವುದು ಅವರ ಅಭ್ಯಾಸ. ಅವರ ಅಂಕಿ 55. ಮೂರನೆಯವರು ಒಬ್ಬ ಗೃಹಿಣಿ, ಆರೋಗ್ಯಕ್ಕೆ ಒಳ್ಳೆಯದೆಂದು ತಿಂಗಳುಗಟ್ಟಲೆ ದಿನವೂ ಕಷಾಯ ಕುಡಿದವರು, ಅವರದೂ 210. ಮಿತಿ 40 ಎಂದಿಟ್ಟುಕೊಳ್ಳೋಣ. ಅಂಕಿಗಳನ್ನಷ್ಟೇ ನೋಡುವವನು ಏನು ಹೇಳುತ್ತಾನೆ? ಯುವಕನಿಗೂ ಗೃಹಿಣಿಗೂ ಸಮಾನ ಹಾನಿ, ಆಫೀಸಿನವರಿಗೆ ಅಲ್ಪ ಹಾನಿ ಎನ್ನುತ್ತಾನೆ. ಈ ಉತ್ತರ ತಪ್ಪಾಗಿರುವ ಸಂಭವವೇ ಹೆಚ್ಚು.

ಅದೇಕೆ ಎಂಬುದನ್ನು ತಿಳಿಯಲು ಈ ಅಂಕಿ ಎಲ್ಲಿಂದ ಬಂತೆಂದು ನೋಡಬೇಕು. 1950ರ ದಶಕದ ನಡುವಿನಲ್ಲಿ ನ್ಯೂಯಾರ್ಕಿನ ವೈದ್ಯರಾದ ಕಾರ್ಮೆನ್, ವ್ರೊಬ್ಲೆವ್‌ಸ್ಕಿ ಮತ್ತು ಲಾಡ್ಯೂ ಎಂಬವರು ಜೀವಕೋಶದೊಳಗಿರಬೇಕಾದ ಕೆಲವು ಕಿಣ್ವಗಳನ್ನು ರಕ್ತದಲ್ಲಿ ಅಳೆಯುವ ವಿಧಾನವನ್ನು ಬಳಕೆಗೆ ತಂದರು. ಯಕೃತ್ತಿನ ಕೋಶಕ್ಕೆ ಪೆಟ್ಟು ಬಿದ್ದು ಅದರ ಗೋಡೆ ಬಿರಿದಾಗ ಒಳಗಿನ ಕಿಣ್ವ ರಕ್ತಕ್ಕೆ ಸೋರುತ್ತದೆ. ಎಸ್‌ಜಿಪಿಟಿ ತಿಳಿಸುವುದು ಈ ಸೋರಿಕೆಯನ್ನು ಮಾತ್ರ. ಯಾರು ಹೊಡೆದರು ಎಂಬುದನ್ನು ಅದು ಹೇಳುವುದಿಲ್ಲ. ಇನ್ನು ಎಷ್ಟು ಕೋಶಗಳು ಉಳಿದಿವೆ ಎಂಬುದನ್ನೂ ಹೇಳುವುದಿಲ್ಲ. ಹತ್ತಿ ಉರಿಯುವ ಮನೆಯಿಂದ ಹೊಗೆ ದಟ್ಟವಾಗಿ ಬರುತ್ತದೆ; ಸುಟ್ಟು ಬೂದಿಯಾದ ಮನೆಯಲ್ಲಿ ಹೊಗೆ ಎಲ್ಲಿಯದು? ವರ್ಷಾನುಗಟ್ಟಲೆ ಕುಡಿತದಿಂದ ಗಾಯಗೊಂಡು ಗಡುಸಾದ ಯಕೃತ್ತಿನಲ್ಲಿ ಸೋರಲು ಕೋಶಗಳೇ ಕಡಿಮೆಯಾಗಿ ಅಂಕಿ ಸಾಮಾನ್ಯ ಮಿತಿಯ ಹತ್ತಿರವೇ ನಿಂತಿರಬಹುದು. ಗುಳಿಗೆಯಿಂದ ಕೆಟ್ಟ ಯುವಕನ ಯಕೃತ್ತು ಗುಳಿಗೆಯನ್ನು ಸಕಾಲದಲ್ಲಿ ನಿಲ್ಲಿಸಿದ ಕೆಲವೇ ವಾರಗಳಲ್ಲಿ ಸುಧಾರಿಸಿಕೊಳ್ಳುವುದು ಸಾಮಾನ್ಯ. 210 ಅಳಿಸಿಹೋಗುವ ಬರಹವಾಗಿರಬಹುದು, 55 ಕಲ್ಲಿನಲ್ಲಿ ಕೆತ್ತಿದ ಅಕ್ಷರವಾಗಿರಬಹುದು.

ಹಾಗಾದರೆ ಅಳತೆಯೇ ವ್ಯರ್ಥವೆ? ಹಾಗೆಂದು ಹೇಳುವುದು ಸುಲಭ. ಅಂಕಿಗಳನ್ನು ಹೀಯಾಳಿಸಿ ಜಾಣರೆನಿಸಿಕೊಳ್ಳುವವರು ನಮ್ಮಲ್ಲಿ ಅನೇಕರಿದ್ದಾರೆ. ಆದರೆ ಆ ಯುವಕನ ವೈದ್ಯರ ಜಾಗದಲ್ಲಿ ನಿಂತು ನೋಡಬೇಕು. ಕ್ಷಯಕ್ಕೆ ಮೊದಲಿಗೆ ಕೊಡುವ ನಾಲ್ಕು ಔಷಧಗಳಲ್ಲಿ ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಜಿನಮೈಡ್ ಎಂಬ ಮೂರೂ ಯಕೃತ್ತನ್ನು ಕೆಡಿಸಬಲ್ಲವು. ಕೊಡದಿದ್ದರೆ ಕ್ಷಯ ಕೊಲ್ಲುತ್ತದೆ. ಅಷ್ಟೇ ಅಲ್ಲ, ಒಂದೇ ಕೋಣೆಯಲ್ಲಿ ಚಾಪೆ ಹಾಸಿ ಮಲಗುವ ಉಳಿದ ಹುಡುಗರಿಗೂ ಹರಡುತ್ತದೆ. ಕೊಡುತ್ತಲೇ ಹೋದರೆ ಕಾಮಾಲೆಯಾಗಿ ಸಾಯಲೂಬಹುದು. ಈ ಎರಡು ಭಯಗಳ ನಡುವೆ ವೈದ್ಯಲೋಕ ಒಂದು ಗೆರೆ ಎಳೆದಿದೆ. ವಾಂತಿ, ಹೊಟ್ಟೆನೋವು, ಕಾಮಾಲೆಯ ಲಕ್ಷಣಗಳಿದ್ದರೆ ಅಂಕಿ ಮಿತಿಯ ಮೂರರಷ್ಟಾದಾಗ, ಏನೂ ಲಕ್ಷಣವಿಲ್ಲದಿದ್ದರೆ ಐದರಷ್ಟಾದಾಗ ಔಷಧವನ್ನು ನಿಲ್ಲಿಸಬೇಕು. ಅಂಕಿ ಇಳಿದ ಮೇಲೆ ಒಂದೊಂದಾಗಿ ಮತ್ತೆ ಕೊಟ್ಟು, ಯಾವುದು ಕೆಡಿಸಿತೆಂದು ನೋಡಬೇಕು. ಮಿತಿ 40 ಆದರೆ ಐದರಷ್ಟು 200. ನಮ್ಮ ಯುವಕ 210ಕ್ಕೆ ಬಂದಿದ್ದಾನೆ. ನಿಲ್ಲಿಸಲೇಬೇಕು. ಅಳತೆಯಿಲ್ಲದಿದ್ದರೆ ಈ ನಿರ್ಧಾರ ವೈದ್ಯರ ಧೈರ್ಯಕ್ಕೋ ಅಳುಕಿಗೋ ಬಿಟ್ಟ ವಿಷಯವಾಗುತ್ತಿತ್ತು.

ಅಮೆರಿಕದ ಹೈಮನ್ ಜಿಮ್ಮರ್‌ಮನ್ ಎಂಬ ವೈದ್ಯರು ಔಷಧಗಳಿಂದಾಗುವ ಯಕೃತ್ತಿನ ಹಾನಿಯನ್ನೇ ಬಾಳಿನ ಅಧ್ಯಯನವಾಗಿ ಮಾಡಿಕೊಂಡವರು. 1978ರಲ್ಲಿ ಈ ವಿಷಯದ ಮೇಲೆ ದೊಡ್ಡ ಗ್ರಂಥವನ್ನೇ ಪ್ರಕಟಿಸಿದರು. ಔಷಧದಿಂದ ಯಕೃತ್ತಿನ ಕೋಶಗಳಿಗೆ ಪೆಟ್ಟು ಬಿದ್ದು ಅದರ ಜೊತೆಗೆ ಕಾಮಾಲೆಯೂ ಕಾಣಿಸಿಕೊಂಡರೆ, ಅಂಥ ಹತ್ತು ಜನರಲ್ಲಿ ಒಬ್ಬರಾದರೂ ಉಳಿಯುವುದಿಲ್ಲ ಎಂಬುದು ಅವರು ಕಂಡ ಮಾತು. ಇಂದು ಹೊಸ ಔಷಧವೊಂದು ಪೇಟೆಗೆ ಬರುವ ಮುನ್ನ ಅದರ ಪರೀಕ್ಷೆಯಲ್ಲಿ ಭಾಗವಹಿಸಿದವರ ಪೈಕಿ ಇಂಥ ಒಬ್ಬಿಬ್ಬರು ಸಿಕ್ಕರೂ ಎಚ್ಚರಿಕೆಯ ಗಂಟೆ ಬಾರಿಸುತ್ತಾರೆ. ಅಳೆದು, ಹೋಲಿಸಿ, ಬರೆದಿಟ್ಟವರು ಇದ್ದುದರಿಂದಲೇ ಮುಂದೆ ಆಗಬಹುದಾಗಿದ್ದ ಎಷ್ಟೋ ಸಾವುಗಳು ತಪ್ಪಿವೆ. ಆದ್ದರಿಂದ ನಮ್ಮ ತಕರಾರು ಅಳತೆಯ ಮೇಲಲ್ಲ, ಅಳತೆಯೊಂದೇ ಸಾಕೆಂಬ ಭ್ರಮೆಯ ಮೇಲೆ.

ಆ ಭ್ರಮೆ ಎಲ್ಲಿ ಅನ್ಯಾಯವಾಗುತ್ತದೆ ಎಂಬುದಕ್ಕೆ ಹಳೆಯದೊಂದು ಉದಾಹರಣೆಯಿದೆ. ಕಾರ್ಬನ್ ಟೆಟ್ರಾಕ್ಲೋರೈಡ್ ಎಂಬ ದ್ರವ ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಡ್ರೈಕ್ಲೀನಿಂಗ್ ಅಂಗಡಿಗಳಲ್ಲಿ, ಯಂತ್ರಗಳ ಜಿಡ್ಡು ತೆಗೆಯುವಲ್ಲಿ, ಬೆಂಕಿ ಆರಿಸುವ ಸಲಕರಣೆಗಳಲ್ಲಿ ಧಾರಾಳವಾಗಿ ಬಳಕೆಯಲ್ಲಿತ್ತು. ಅದರ ಆವಿ ಮೈಯೊಳಗೆ ಸೇರಿದರೆ ಯಕೃತ್ತಿನ ಒಂದು ಕಿಣ್ವವೇ ಅದನ್ನು ಇನ್ನಷ್ಟು ತೀಕ್ಷ್ಣವಾದ ವಸ್ತುವನ್ನಾಗಿ ಮಾರ್ಪಡಿಸಿ ತನ್ನ ಮನೆಗೆ ತಾನೇ ಬೆಂಕಿ ಇಟ್ಟುಕೊಳ್ಳುತ್ತದೆ. ದಿನವೂ ಮದ್ಯ ಕುಡಿಯುವವನಲ್ಲಿ ಈ ಕಿಣ್ವ ಹೆಚ್ಚಾಗಿರುತ್ತದೆ. ಹೀಗಾಗಿ ಒಂದೇ ಕೋಣೆಯಲ್ಲಿ, ಒಂದೇ ಆವಿಯನ್ನು, ಒಂದೇ ಹೊತ್ತು ಉಸಿರಾಡಿದ ಇಬ್ಬರಲ್ಲಿ ಕುಡಿಯದವನು ತಲೆನೋವೆಂದು ಮನೆಗೆ ಹೋಗಬಹುದು, ಕುಡಿಯುವವನು ಆಸ್ಪತ್ರೆ ಸೇರಬಹುದು.

ಈಗ ತೀರ್ಪು ಹೇಳಬೇಕು. ಯಜಮಾನನ ಉತ್ತರ ಸಿದ್ಧವಾಗಿಯೇ ಇರುತ್ತದೆ: ‘ಪಕ್ಕದವನಿಗೆ ಏನೂ ಆಗಲಿಲ್ಲ, ಇವನಿಗೇಕೆ ಆಯಿತು? ಕುಡಿದದ್ದು ಇವನು.’ ನಾವೂ ತಲೆದೂಗುತ್ತೇವೆ. ಮಾಡಿದ್ದುಣ್ಣೋ ಮಹರಾಯ ಎಂಬ ಗಾದೆ ನಾಲಗೆಯ ತುದಿಯಲ್ಲೇ ಇದೆ. ಆದರೆ ಸ್ವಲ್ಪ ತಡೆದು ಯೋಚಿಸಿದರೆ, ಅವನು ಮಾಡಿದ್ದು ಕುಡಿತವನ್ನು. ಉಂಡದ್ದು ಕುಡಿತದ ಫಲವನ್ನಷ್ಟೇ ಅಲ್ಲ. ಕುಡಿತ ಅವನ ಆಯ್ಕೆ ಎನ್ನೋಣ. ಆವಿ ಅವನ ಆಯ್ಕೆಯಾಗಿರಲಿಲ್ಲ. ಆವಿ ಇಲ್ಲದಿದ್ದರೆ ಆ ದಿನ ಅವನು ಬೀಳುತ್ತಿರಲಿಲ್ಲ. ಎರಡು ಕಾರಣಗಳು ಕೈಗೂಡಿಸಿದಾಗ ಬಡವನ ಕಡೆಯಿರುವ ಕಾರಣವನ್ನೇ ಎತ್ತಿ ತೋರಿಸಿ, ಧಣಿಯ ಕಡೆಯಿರುವ ಕಾರಣವನ್ನು ಮರೆಯುವುದು ವಿಜ್ಞಾನವಲ್ಲ, ರೂಢಿ.

ಈ ವಿಷಯದಲ್ಲಿ ವೈದ್ಯಶಾಸ್ತ್ರ ನಮಗಿಂತ ಹೆಚ್ಚು ನ್ಯಾಯವಾಗಿ ನಡೆದುಕೊಂಡಿದೆ. ಯಕೃತ್ತಿನ ಹಾನಿಗೆ ಒಂದು ಔಷಧವೇ ಕಾರಣವೆ ಎಂದು ತೀರ್ಮಾನಿಸಲು 1993ರಲ್ಲಿ ರುಕಾಮ್ ಎಂಬ ಅಂಕಪಟ್ಟಿಯೊಂದು ಪ್ರಕಟವಾಯಿತು. ಔಷಧ ತೆಗೆದುಕೊಂಡ ಎಷ್ಟು ದಿನಕ್ಕೆ ತೊಂದರೆ ಕಾಣಿಸಿತು, ನಿಲ್ಲಿಸಿದ ಮೇಲೆ ಎಷ್ಟು ಬೇಗ ಇಳಿಯಿತು, ಬೇರೆ ಕಾರಣಗಳು ಇವೆಯೆ ಎಂದು ಒಂದೊಂದಕ್ಕೂ ಅಂಕ ಕೊಟ್ಟು ಕೂಡುತ್ತಾರೆ. ಮೊತ್ತ ಎಂಟನ್ನು ಮೀರಿದರೆ ಔಷಧವೇ ಕಾರಣವೆಂಬುದು ಬಹುಮಟ್ಟಿಗೆ ನಿಶ್ಚಯ. ಆ ಪಟ್ಟಿಯಲ್ಲಿ ರೋಗಿಗೆ ಕುಡಿತದ ಅಭ್ಯಾಸವಿದ್ದರೆ ಒಂದು ಅಂಕವಿದೆ. ಅದನ್ನು ಕಳೆಯುವುದಿಲ್ಲ, ಕೂಡುತ್ತಾರೆ. ಕುಡಿತ ಔಷಧದ ಮೇಲಿನ ಆರೋಪವನ್ನು ಹಗುರ ಮಾಡುವುದಿಲ್ಲ. ಇಂಥ ದುರ್ಬಲನನ್ನು ಔಷಧ ಕೆಡಿಸಿರುವ ಸಂಭವ ಇನ್ನೂ ಹೆಚ್ಚು ಎಂಬುದು ಅದರ ಅರ್ಥ. ಕುಡಿತದಿಂದಲೇ ಬಂದ ಯಕೃತ್ತಿನ ರೋಗವನ್ನು ಬೇರೆಯಾಗಿ ಪರಿಶೀಲಿಸುತ್ತಾರೆ, ನಿಜ. ಆದರೂ ಈ ಒಂದು ಅಂಕದೊಳಗೆ ಒಂದು ನೀತಿಯಿದೆ. ಹೊಡೆತ ತಾಳಲಾರದವನು ಎಂಬುದು ಹೊಡೆದವನ ಪಾಲಿಗೆ ಕ್ಷಮೆಯಲ್ಲ.

ದ್ವೇಷದಿಂದ ತಕ್ಕಡಿ ಒಂದು ಕಡೆಗೆ ವಾಲಿದರೆ ಪ್ರೀತಿಯಿಂದ ಇನ್ನೊಂದು ಕಡೆಗೆ ವಾಲುತ್ತದೆ. ನಮ್ಮ ಗೃಹಿಣಿಯ ವಿಷಯಕ್ಕೆ ಬರೋಣ. ಆಕೆ ಕುಡಿದದ್ದು ಅಮೃತಬಳ್ಳಿಯ ಕಷಾಯ. 2020ರ ಕೋವಿಡ್ ಪಿಡುಗಿನ ಕಾಲದಲ್ಲಿ, ಹಿಂದಿಯಲ್ಲಿ ಗಿಲೋಯ್ ಎನ್ನುವ ಈ ಬಳ್ಳಿಯನ್ನು ಮನೆಮನೆಯಲ್ಲಿ ಕುದಿಸಿದರು. ಆ ವರ್ಷದ ಕೊನೆಯ ತಿಂಗಳುಗಳಲ್ಲಿ ಮುಂಬಯಿಯ ವೈದ್ಯರು, ಇದನ್ನು ಸೇವಿಸಿದ ಮೇಲೆ ಯಕೃತ್ತು ಕೆಟ್ಟ ಆರು ಜನರನ್ನು ಕಂಡು 2021ರಲ್ಲಿ ಅದರ ವಿವರವನ್ನು ಪ್ರಕಟಿಸಿದರು. ಕೇಂದ್ರದ ಆಯುಷ್ ಸಚಿವಾಲಯ ಒಪ್ಪಲಿಲ್ಲ. ಸೇವಿಸಿದ್ದು ಅಮೃತಬಳ್ಳಿಯೋ ಅದನ್ನು ಹೋಲುವ ಬೇರೊಂದು ಬಳ್ಳಿಯೋ ಎಂದು ಪರೀಕ್ಷಿಸಿಲ್ಲವೆಂದು ಆಕ್ಷೇಪಿಸಿತು. 2022ರಲ್ಲಿ ದೇಶದ 13 ಕೇಂದ್ರಗಳಿಂದ 43 ರೋಗಿಗಳ ವಿವರ ಪ್ರಕಟವಾಯಿತು. ಕೋಟ್ಯಂತರ ಜನ ಕುಡಿದರು, ಬಹುಪಾಲು ಜನರಿಗೆ ಏನೂ ಆಗಲಿಲ್ಲ ಎಂಬುದನ್ನೂ ಮರೆಯಬಾರದು. ಆದರೆ ಗಮನಿಸಬೇಕಾದದ್ದು ನಮ್ಮ ಮನಸ್ಸನ್ನು. ವೈದ್ಯರು ‘ಏನೇನು ಔಷಧ ತೆಗೆದುಕೊಳ್ಳುತ್ತೀರಿ?’ ಎಂದು ಕೇಳಿದಾಗ ಆ ಗೃಹಿಣಿ ಕಷಾಯದ ಹೆಸರನ್ನೇ ಎತ್ತಿರುವುದಿಲ್ಲ. ಮುಚ್ಚಿಡಬೇಕೆಂದಲ್ಲ, ಅದು ಔಷಧವೆಂದೇ ಆಕೆಗೆ ತೋರಿಲ್ಲ. ಅದು ಊರಿನಿಂದ ಬಂದದ್ದು, ಅತ್ತೆಯವರು ಹೇಳಿದ್ದು, ಹೆಸರಿನಲ್ಲೇ ಅಮೃತವಿರುವಂಥದ್ದು. ಅತಿಯಾದರೆ ಅಮೃತವೂ ವಿಷ ಎಂಬ ಗಾದೆಯನ್ನು ಕೊಟ್ಟವರೂ ಊರಿನವರೇ ಎಂಬುದು ಆಗ ನೆನಪಾಗುವುದಿಲ್ಲ. ಇದೇ ಅರ್ಥದ ಮಾತನ್ನು ಹದಿನಾರನೆಯ ಶತಮಾನದಲ್ಲಿ ಯುರೋಪಿನ ವೈದ್ಯ ಪ್ಯಾರಸೆಲ್ಸಸ್ ಹೇಳಿದ್ದಕ್ಕಾಗಿ ಅವನನ್ನು ವಿಷವಿಜ್ಞಾನದ ಪಿತಾಮಹನೆನ್ನುತ್ತಾರೆ.

ಆದರೆ ‘ಅತಿ’ ಎಂದರೆ ಎಷ್ಟು? ಯಾರಿಗೆ ಎಷ್ಟು? ಇಲ್ಲಿ ಗಾದೆಯೂ ಪ್ಯಾರಸೆಲ್ಸಸನೂ ನಮ್ಮನ್ನು ಅರ್ಧದಾರಿಯಲ್ಲಿ ಬಿಡುತ್ತಾರೆ. ಬೂಷ್ಟು ಹಿಡಿದ ಕಾಳಿನ ಕಥೆ ಇದನ್ನು ಚೆನ್ನಾಗಿ ತೋರಿಸುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಕಾರಣ ಹುಡುಕುತ್ತ ಹೋದಾಗ ಅವುಗಳಿಗೆ ಹಾಕಿದ್ದ ಹಿಂಡಿಯಲ್ಲಿ ಬೂಷ್ಟು ಹುಟ್ಟಿಸಿದ ಅಫ್ಲಾಟಾಕ್ಸಿನ್ ಎಂಬ ವಿಷ ಸಿಕ್ಕಿತು. ಹಿಂಡಿ ಯಾವುದರದೆಂದರೆ ಧಾರವಾಡದವರು ಶೇಂಗಾ ಎನ್ನುವ, ಬೆಂಗಳೂರಿನವರು ಕಡಲೆಕಾಯಿ ಎನ್ನುವ, ಕರಾವಳಿಯವರು ನೆಲಗಡಲೆ ಎನ್ನುವ ನಮ್ಮೆಲ್ಲರ ಕಾಳಿನದು. ಹದಿನಾಲ್ಕು ವರ್ಷಗಳ ಬಳಿಕ, 1974ರಲ್ಲಿ, ರಾಜಸ್ಥಾನದ ಬಾಂಸವಾಡಾ ಮತ್ತು ಗುಜರಾತಿನ ಪಂಚಮಹಲ್ ಜಿಲ್ಲೆಗಳ ಹಳ್ಳಿಗಳಲ್ಲಿ ಜನರಿಗೇ ಕಾಮಾಲೆ ಕಾಣಿಸಿ ಹೊಟ್ಟೆಯಲ್ಲಿ ನೀರು ತುಂಬಿಕೊಳ್ಳತೊಡಗಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು ವಿಚಾರಣೆಗೆ ಹೋದರು. ಅಕಾಲದ ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಮೆಕ್ಕೆಜೋಳವನ್ನು ಉಂಡವರಿಗೆ ಹೀಗಾಗಿತ್ತು. ಅದೇ ಅನ್ನದ ಪಾಲು ತಿಂದ ಮನೆಯ ನಾಯಿಗಳೂ ಸತ್ತಿದ್ದವು. ದಾಖಲಾದ 397 ರೋಗಿಗಳಲ್ಲಿ 106 ಜನ ತೀರಿಕೊಂಡರು.

ಅವರಿಗೆ ಕಾಳು ಕೆಟ್ಟಿರುವುದು ಕಾಣುತ್ತಿರಲಿಲ್ಲವೆ? ಬೂಷ್ಟು ಕಣ್ಣಿಗೆ ಕಾಣುವ ವಸ್ತುವೇ. ಆದರೆ ಬೇರೆ ಕಾಳು ಕೊಳ್ಳಲು ಕೈಯಲ್ಲಿ ಕಾಸಿಲ್ಲದ ಬಡ ಆದಿವಾಸಿಗಳು ಅವರು. ಹಸಿದವನು ಬೂಷ್ಟು ಹಿಡಿದದ್ದನ್ನು ಉಂಡರೆ ಅದನ್ನು ಆಯ್ಕೆ ಎನ್ನುವುದೆ?

ಇದೇ ವಿಷದ ಬಗೆಗೆ 1997ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಕೃಷಿ ಸಂಸ್ಥೆಗಳ ಜಂಟಿ ತಜ್ಞ ಸಮಿತಿ ಒಂದು ಮುಖ್ಯ ಸಂಗತಿಯನ್ನು ಲೆಕ್ಕಹಾಕಿತು. ದಿನದಿನವೂ ಅಲ್ಪಸ್ವಲ್ಪ ಅಫ್ಲಾಟಾಕ್ಸಿನ್ ಹೊಟ್ಟೆಗೆ ಸೇರುತ್ತಿದ್ದರೆ ಯಕೃತ್ತಿನ ಕ್ಯಾನ್ಸರ್ ಬರುವ ಸಂಭವವಿದೆ. ಹೆಪಟೈಟಿಸ್ ಬಿ ರೋಗಾಣುವನ್ನು ಹೊತ್ತವರಲ್ಲಿ ಆ ವಿಷದ ಶಕ್ತಿ ಉಳಿದವರಲ್ಲಿರುವುದಕ್ಕಿಂತ ಸುಮಾರು ಮೂವತ್ತರಷ್ಟು ಹೆಚ್ಚು. ಕಾಳು ಒಂದೇ, ಬೂಷ್ಟು ಒಂದೇ, ತೂಕ ಒಂದೇ. ಒಬ್ಬನಿಗೆ ಒಂದು, ಇನ್ನೊಬ್ಬನಿಗೆ ಮೂವತ್ತು. ಹೀಗಿರುವಾಗ ಸುರಕ್ಷಿತ ಮಿತಿಯನ್ನು ಯಾರ ಮೈಯನ್ನು ಕಣ್ಣಮುಂದೆ ಇಟ್ಟುಕೊಂಡು ಹಾಕಬೇಕು? ನೇರವಾಗಿ ತಿನ್ನುವ ಶೇಂಗಾದಲ್ಲಿ ಈ ವಿಷ ಒಂದು ಕಿಲೋಗೆ 4 ಮೈಕ್ರೋಗ್ರಾಮ್ ಮೀರಬಾರದೆಂದು ಯುರೋಪಿನ ಒಕ್ಕೂಟ ವಿಧಿಸಿದೆ. ಅಮೆರಿಕ 20ರ ತನಕ ಸಹಿಸುತ್ತದೆ. ನಮ್ಮ ದೇಶದ ಮಿತಿ ಇವೆರಡರ ನಡುವೆ ಇದೆ. ವಿಜ್ಞಾನ ಎಲ್ಲ ಕಡೆಯೂ ಒಂದೇ ಆಗಿರುವಾಗ ಅಂಕಿ ಏಕೆ ಬೇರೆ? ಮಿತಿಯೆಂಬುದು ಬರಿಯ ವಿಜ್ಞಾನದ ಮಾತಲ್ಲವಾದ್ದರಿಂದ. ಎಷ್ಟು ಕಾಳನ್ನು ಎಸೆಯಲು ಶಕ್ತರು, ಎಷ್ಟು ರೋಗವನ್ನು ಸಹಿಸಲು ಸಿದ್ಧರು, ಆ ರೋಗ ಯಾರಿಗೆ ಬರುತ್ತದೆ ಎಂಬ ವಿಚಾರಗಳೆಲ್ಲ ಆ ಒಂದು ಅಂಕಿಯೊಳಗೆ ಅಡಗಿ ಕುಳಿತಿವೆ. ಸಮಾಧಾನದ ಸಂಗತಿಯೊಂದನ್ನೂ ಹೇಳಬೇಕು. ಹೆಪಟೈಟಿಸ್ ಬಿ ಲಸಿಕೆ 2011ರಿಂದ ನಮ್ಮ ದೇಶದೆಲ್ಲೆಡೆ ಮಕ್ಕಳ ಲಸಿಕಾ ಕಾರ್ಯಕ್ರಮದಲ್ಲಿ ಸೇರಿದೆ. ಮಗುವಿಗೆ ಹಾಕಿಸಿದ ಆ ಚುಚ್ಚುಮದ್ದು ಮುಂದೆ ಅದು ತಿನ್ನುವ ಕಾಳಿನ ವಿಷವನ್ನೂ ಮೊಂಡಾಗಿಸುತ್ತದೆ.

ಇಷ್ಟಾದರೂ ತಕ್ಕಡಿಗೆ ಸಿಕ್ಕುವ ಹಾನಿಯ ಮಾತಾಯಿತು. ತಕ್ಕಡಿಗೆ ಸಿಕ್ಕದೆ ಜಾರಿಹೋಗುವ ಹಾನಿಯೂ ಉಂಟು. ಕೊಳವೆ, ಚಪ್ಪಲಿ, ಹಾಸುಗಳಿಗೆ ಬಳಸುವ ಪಿವಿಸಿಯನ್ನು ವೈನಿಲ್ ಕ್ಲೋರೈಡ್ ಎಂಬ ಅನಿಲದಿಂದ ತಯಾರಿಸುತ್ತಾರೆ. 1974ರ ಆರಂಭದಲ್ಲಿ ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್ ನಗರದ ಒಂದು ಕಾರ್ಖಾನೆಯ ಕಾರ್ಮಿಕರಲ್ಲಿ ಯಕೃತ್ತಿನ ರಕ್ತನಾಳಗಳ ಕ್ಯಾನ್ಸರ್ ಕಂಡುಬಂದ ಸುದ್ದಿ ಹೊರಬಿತ್ತು. ಆ ಕ್ಯಾನ್ಸರ್ ಎಷ್ಟು ವಿರಳವೆಂದರೆ ಒಂದೇ ಕಾರ್ಖಾನೆಯಲ್ಲಿ ಮೂವರಿಗೆ ಬಂತೆಂದಾಗ ಅದು ಆಕಸ್ಮಿಕವೆಂದು ಹೇಳುವ ಹಾಗೆಯೇ ಇರಲಿಲ್ಲ. ಅಲ್ಲಿಯ ತನಕ ಗಾಳಿಯ ಹತ್ತು ಲಕ್ಷ ಭಾಗದಲ್ಲಿ 500 ಭಾಗದಷ್ಟು ಆ ಅನಿಲ ಇರಬಹುದೆಂದು ಅಲ್ಲಿಯ ನಿಯಮವಿತ್ತು. ಮುಂದಿನ ವರ್ಷದ ಹೊತ್ತಿಗೆ ಅದನ್ನು 1ಕ್ಕೆ ಇಳಿಸಿದರು. ನಿನ್ನೆ ‘ಸುರಕ್ಷಿತ’ವಾಗಿದ್ದದ್ದರ ಐನೂರನೆಯ ಒಂದು ಪಾಲು ಇಂದಿನ ಮಿತಿ. ಇದರಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ, ಈ ಅನಿಲ ಮಾಡುವ ಹಾನಿಯನ್ನು ಹಿಡಿಯುವಲ್ಲಿ ನಾವು ಮೇಲೆ ಹೇಳಿದ ರಕ್ತಪರೀಕ್ಷೆಗಳು ಚುರುಕಲ್ಲ. ಒಳಗೆ ರೋಗ ಬೆಳೆಯುತ್ತಿದ್ದರೂ ಹಾಳೆಯಲ್ಲಿ ಅಂಕಿ ಸಾಮಾನ್ಯವಾಗಿಯೇ ಇರಬಹುದು. ‘ವರದಿ ಸರಿಯಿದೆ, ನೀನು ಕೆಲಸಕ್ಕೆ ಹೋಗಬಹುದು’ ಎಂದು ಹೇಳಿಸಿಕೊಂಡ ಕಾರ್ಮಿಕನಿಗೆ ಆ ಹಾಳೆ ರಕ್ಷಣೆಯಾಯಿತೋ ಕಣ್ಣುಪಟ್ಟಿಯಾಯಿತೋ?

ಕೊನೆಗೆ ತಕ್ಕಡಿಯನ್ನು ಬಿಟ್ಟು ತೂಕದ ಬೀಜದ ಕಡೆಗೇ ಬರೋಣ. ಎಸ್‌ಜಿಪಿಟಿಗೆ 40 ಎಂಬ ಮಿತಿಯನ್ನು ಇಟ್ಟವರು ಯಾರು? ಆರೋಗ್ಯವಂತರೆಂದು ತೋರುವ ಜನರ ರಕ್ತವನ್ನು ಪರೀಕ್ಷಿಸಿ, ಅವರಲ್ಲಿ ನೂರಕ್ಕೆ ತೊಂಬತ್ತೈದು ಮಂದಿಯ ಅಂಕಿ ಎಲ್ಲಿಯ ತನಕ ಹೋಗುತ್ತದೋ ಅದನ್ನು ಸಾಮಾನ್ಯವೆಂದು ಕರೆಯುವುದು ಪ್ರಯೋಗಶಾಲೆಗಳ ಪದ್ಧತಿ. ಆದರೆ ಆರೋಗ್ಯವಂತರೆಂದು ತೋರಿದ ಆ ಜನರಲ್ಲೇ ಕೊಬ್ಬು ತುಂಬಿದ ಯಕೃತ್ತಿನವರು, ಹೆಪಟೈಟಿಸ್ ಸಿ ರೋಗಾಣುವನ್ನು ಅರಿಯದೆ ಹೊತ್ತವರು ಸೇರಿದ್ದರು. ಇಟಲಿಯ ಮಿಲಾನಿನಲ್ಲಿ ಡ್ಯಾನಿಯಲೆ ಪ್ರಾತಿ ಮತ್ತು ಸಂಗಡಿಗರು ಸಾವಿರಾರು ರಕ್ತದಾನಿಗಳ ಪೈಕಿ ಅಂಥ ಸಂಭವವಿದ್ದವರನ್ನೆಲ್ಲ ಬದಿಗಿಟ್ಟು ಮತ್ತೆ ಲೆಕ್ಕಹಾಕಿದಾಗ ಮಿತಿ ಕೆಳಗಿಳಿಯಿತು: ಗಂಡಸರಿಗೆ 30, ಹೆಂಗಸರಿಗೆ 19. ಇದು ಪ್ರಕಟವಾದದ್ದು 2002ರಲ್ಲಿ. ಅನೇಕ ಕಡೆ ಹಳೆಯ ಮಿತಿಯೇ ಅಚ್ಚಾಗುತ್ತಿದೆ. 35 ಅಂಕಿಯ ಹೆಂಗಸೊಬ್ಬರು ಹಳೆಯ ಹಾಳೆಯಲ್ಲಿ ಆರೋಗ್ಯವಂತೆ. ಹೊಸ ಲೆಕ್ಕದಲ್ಲಿ ವಿಚಾರಿಸಬೇಕಾದವರು. ಆಕೆಯ ಮೈ ಬದಲಾಗಲಿಲ್ಲ. ಬದಲಾದದ್ದು ತೂಕದ ಬೀಜ.

ಗುಲಗಂಜಿಯ ಮಾತು ಇಲ್ಲಿ ಮತ್ತೆ ನೆನಪಾಗುತ್ತದೆ. ತೂಗುವ ಬೀಜದೊಳಗೇ ವಿಷವಿತ್ತು. ಹಾನಿಗೊಂಡವರನ್ನು ಸೇರಿಸಿಕೊಂಡೇ ‘ಸಾಮಾನ್ಯ’ವನ್ನು ಕಟ್ಟಿದರೆ, ಹಾನಿ ಎಲ್ಲರಿಗೂ ಹರಡಿದಷ್ಟೂ ಅದು ಕಾಣದಾಗುತ್ತದೆ. ನಗರವಾಸಿಗಳಾದ ನಮಗೆ ಇದು ಹೊಸ ಮಾತಲ್ಲ. ಊರಿನಿಂದ ಬಂದ ಮೊದಲ ವಾರ ಈ ನಗರದ ಗಾಳಿಯ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ವರ್ಷ ಕಳೆಯುವಷ್ಟರಲ್ಲಿ ‘ಅಭ್ಯಾಸವಾಯಿತು’ ಎಂದೆವು. ಊರಿನಿಂದ ಬಂದ ನೆಂಟರು ಕೆಮ್ಮಿದರೆ ‘ಎರಡು ದಿನ ಇರಿ, ಸರಿಹೋಗುತ್ತದೆ’ ಎಂದು ನಗುತ್ತೇವೆ. ಸರಿಹೋಗುವುದು ಗಾಳಿಯಲ್ಲ, ಮೂಗು. ಅಭ್ಯಾಸವಾದದ್ದೆಲ್ಲ ಸಾಮಾನ್ಯ, ಸಾಮಾನ್ಯವಾದದ್ದೆಲ್ಲ ಸರಿ ಎಂದು ಒಪ್ಪಿಕೊಳ್ಳುವುದು ಯಕೃತ್ತಿಗಿಂತ ಮೊದಲು ವಿವೇಕಕ್ಕೆ ಆಗುವ ಹಾನಿ.

ಹಾಗಾದರೆ ನಾವು ಮೊದಲು ಕೇಳಿದ ಪ್ರಶ್ನೆಗೆ ಉತ್ತರವೇನು? ಹಾನಿಗೆ ತೂಕವುಂಟು. ಅದನ್ನು ತೂಗಲೇಬೇಕು, ಆದಷ್ಟು ಶುದ್ಧವಾದ ಬೀಜದಿಂದ, ಆಗಾಗ ಬೀಜವನ್ನೂ ಪರೀಕ್ಷಿಸುತ್ತ ತೂಗಬೇಕು. ಆದರೆ ಒಬ್ಬರ ಹಾನಿಯನ್ನು ಇನ್ನೊಬ್ಬರ ಹಾನಿಗೆ ಹೋಲಿಸುವಾಗ ಅಂಕಿಯ ಜೊತೆಗೆ ಮೂರು ಪ್ರಶ್ನೆಗಳನ್ನು ಕೇಳಬೇಕು. ಇದನ್ನು ಆರಿಸಿಕೊಂಡವರು ಯಾರು? ಇದರ ಅಪಾಯ ಯಾರಿಗೆ ತಿಳಿದಿತ್ತು? ಇದರಿಂದ ಲಾಭ ಯಾರಿಗೆ?

ಕ್ಷಯದ ಯುವಕನ ಅಂಕಿ ದೊಡ್ಡದು. ಆದರೆ ಗುಳಿಗೆಯ ಲಾಭ ಅವನದೇ, ಅವನ ಜೊತೆಗಾರರದೇ. ಯಾವ ಲಕ್ಷಣ ಕಂಡರೆ ಓಡಿಬರಬೇಕೆಂದು ಅವನ ಭಾಷೆಯಲ್ಲಿ ತಿಳಿಸಿ ಹೇಳಿದ್ದರೆ ಆ ಹಾನಿಯಲ್ಲಿ ಅನ್ಯಾಯವಿಲ್ಲ. ಹೇಳಿರದಿದ್ದರೆ ಅಂಕಿ 210ರ ಬದಲು 50 ಆಗಿದ್ದರೂ ಅನ್ಯಾಯವಿದೆ. ಕಾರ್ಖಾನೆಯ ಕಾರ್ಮಿಕನ ಅಂಕಿ ಚಿಕ್ಕದಿರಬಹುದು. ಅವನು ಆರಿಸಲಿಲ್ಲ, ಅವನಿಗೆ ತಿಳಿದಿರಲಿಲ್ಲ, ಲಾಭ ಮತ್ತೊಬ್ಬರದು. ಬಾಂಸವಾಡಾದ ಹಳ್ಳಿಗರಿಗೆ ಲಾಭವೆಂದರೆ ಆ ಹೊತ್ತಿನ ಹಸಿವು ನೀಗಿದ್ದು ಮಾತ್ರ. ಕುಡಿಯುವ ಮಹನೀಯರು ತಿಳಿದೂ ಆರಿಸಿಕೊಂಡವರು ನಿಜ. ಆದರೆ ಮೊದಲ ಗ್ಲಾಸನ್ನು ಆರಿಸಿಕೊಂಡವನಷ್ಟು ಸ್ವತಂತ್ರನಾಗಿ ಹತ್ತು ಸಾವಿರದ ಗ್ಲಾಸನ್ನು ಯಾರೂ ಆರಿಸಿಕೊಳ್ಳುವುದಿಲ್ಲ. ಅದರ ಲಾಭದ ಲೆಕ್ಕ ಬರೆದರೆ ಮಾರುವವನ ಹೆಸರೂ ಸರಕಾರದ ಅಬಕಾರಿ ಬೊಕ್ಕಸದ ಹೆಸರೂ ಬರುತ್ತವೆ.

ದೊಡ್ಡ ನಿಯಮಗಳನ್ನು ತಿದ್ದುವುದು ನಮ್ಮ ಕೈಯಲ್ಲಿಲ್ಲದಿರಬಹುದು. ಮನೆಯೊಳಗಿನ ತಕ್ಕಡಿ ನಮ್ಮದೇ. ಮುಂದಿನ ಸಲ ವರದಿ ಬಂದಾಗ ಹಳೆಯ ಹಾಳೆಗಳನ್ನೂ ತೆಗೆದು ಜೊತೆಗಿಟ್ಟು ನೋಡೋಣ; ಒಂದು ಅಂಕಿಗಿಂತ ಅಂಕಿಯ ನಡೆ ಹೆಚ್ಚು ಹೇಳುತ್ತದೆ. ವೈದ್ಯರು ಕೇಳಿದಾಗ ಗುಳಿಗೆಯ ಜೊತೆಗೆ ಕಷಾಯವನ್ನೂ, ಊರಿನಿಂದ ತರಿಸಿದ ಪುಡಿಯನ್ನೂ, ಸಂಜೆಯ ಗ್ಲಾಸನ್ನೂ ಹೇಳೋಣ. ಬೂಷ್ಟು ಹಿಡಿದ ಶೇಂಗಾವನ್ನು ‘ಹುರಿದರೆ ಸರಿಹೋಗುತ್ತದೆ’ ಎಂದು ಕೆಲಸದವಳ ಕೈಗೆ ಕೊಡುವ ಬದಲು ಎಸೆಯೋಣ. ಹುರಿದರೆ ಆ ವಿಷ ಪೂರ್ತಿ ಹೋಗುವುದಿಲ್ಲ, ನಮ್ಮ ಮಕ್ಕಳಿಗೆ ಸಲ್ಲದ್ದು ಆಕೆಯ ಮಕ್ಕಳಿಗೂ ಸಲ್ಲದು. ಯಾರದೋ ಯಕೃತ್ತು ಕೆಟ್ಟಿತೆಂಬ ಸುದ್ದಿ ಕಿವಿಗೆ ಬಿದ್ದಾಗ ‘ಕುಡಿಯುತ್ತಿದ್ದನೆ?’ ಎಂದು ಮೊದಲು ಕೇಳುವ ಚಟವನ್ನು ಬಿಟ್ಟು, ‘ಎಲ್ಲಿ ಕೆಲಸ ಮಾಡುತ್ತಿದ್ದ? ಅವನಿಗೆ ಯಾರಾದರೂ ತಿಳಿಸಿ ಹೇಳಿದ್ದರೆ?’ ಎಂದು ಕೇಳುವುದನ್ನು ರೂಢಿಸಿಕೊಳ್ಳೋಣ. ಗಾಯವನ್ನು ಪ್ರಯೋಗಶಾಲೆ ಅಳೆದುಕೊಡುತ್ತದೆ. ಅನ್ಯಾಯವನ್ನು ವಿಚಾರಿಸಿ ತಿಳಿಯುವ ಕೆಲಸ ಮಾತ್ರ ನಮ್ಮ ಪಾಲಿನದು.